ಸಾಣೆ ಸೈಕಲ್ಲಿನ ಚೈನು ಬಿಚ್ಚಿದ ದಿನ

ಧರ್ಮಪುರದಲ್ಲಿ ಬಸ್ಸಿನ ಟಾಪಿನಿಂದ ಸೈಕಲ್ ಇಳಿಸಿಕೊಂಡು, ಆಂಧ್ರದ ಗಡಿಯ ಕಡೆಗೆ ಮುಕ್ಕಾಲು ಗಂಟೆ ತುಳಿದ ಮೇಲೆ ಕುರಿ ಮಂದೆ ಕಂಡಿತು. ಶೇಂಗಾ ಕಿತ್ತು ಖಾಲಿಯಾಗಿದ್ದ ಹೊಲ. ಸುತ್ತ ಬಲೆ ಕಟ್ಟಿ ಒಳಗೆ ಇನ್ನೂರರ ಹತ್ತಿರ ಕುರಿಗಳನ್ನು ಕೂಡಿಹಾಕಿದ್ದರು. ಹಿಂದಿನ ದಿನ ಕೆರೆಯಲ್ಲಿ ಮೈ ತೊಳೆಸಿದ್ದರಿಂದ ಕುರಿಗಳ ತುಪ್ಪಟ ಉಬ್ಬಿಕೊಂಡು, ಒಂದೊಂದು ಕುರಿಯೂ ಇದ್ದದ್ದಕ್ಕಿಂತ ದಪ್ಪಗೆ ಕಾಣುತ್ತಿತ್ತು.

ಹಿಂಡಿನ ಒಡತಿ ಐವತ್ತರ ಆಸುಪಾಸಿನ ಹೆಂಗಸು. ಫೋನಿನಲ್ಲಿ ನನ್ನನ್ನು ಕರೆಸಿದವರು ಅವರೇ. ಸೈಕಲ್ ಸ್ಟ್ಯಾಂಡ್ ಹಾಕುವ ಮೊದಲೇ ಕೆಲಸ ಹೇಳಿದರು.

"ನೋಡಪ್ಪ, ಉಣ್ಣೆ ಕತ್ತರಿಸೋರು ನಾಕು ಜನ ಬಂದಾರೆ. ಎಂಟು ಕತ್ತರಿ ಅವೆ, ಒಂದೂ ಹರಿತ ಇಲ್ಲ. ಇವತ್ತು ನಾಳೆ ಎರಡೇ ದಿನ. ನಾಡಿದ್ದು ಅವರು ಬೇರೆ ಮಂದೆಗೆ ಮಾತು ಕೊಟ್ಟಾರೆ. ತಡ ಆದ್ರೆ ಕುರಿ ಮತ್ತೆ ಈ ಕೆಂಪು ಮಣ್ಣಾಗೆ ಹೊರಳಾಡ್ತವೆ. ಆಮೇಲೆ ಕಂಬಳಿ ನೇಯೋರು ಆ ಉಣ್ಣೆ ಮುಟ್ಟಲ್ಲ."

"ಮಧ್ಯಾಹ್ನದೊಳಗೆ ಎಂಟೂ ಮುಗಿಸ್ತೀನಿ ಅಕ್ಕ," ಎಂದೆ.

ಹಾಗೆ ಹೇಳುವಾಗ ನನಗೆ ಅನುಮಾನವೇನೂ ಇರಲಿಲ್ಲ. ಸಾಣೆ ಸೈಕಲ್ಲಿನಲ್ಲಿ ಕಷ್ಟದ ಯಂತ್ರವೇನೂ ಇಲ್ಲ. ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಕುಳಿತು ಪೆಡಲ್ ತುಳಿದರೆ ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದಿಂದ ಒಂದು ಬೆಲ್ಟು ಮುಂದಕ್ಕೆ ಬಂದು ಹ್ಯಾಂಡಲ್ ಹತ್ತಿರ ಕೂರಿಸಿರುವ ಕಲ್ಲನ್ನು ತಿರುಗಿಸುತ್ತದೆ. ಅಲಗು ಕಾಯಬಾರದೆಂದು ಕಲ್ಲಿನ ಮೇಲೆ ಸಣ್ಣ ಡಬ್ಬಿಯಿಂದ ನೀರು ಹನಿ ಹನಿಯಾಗಿ ಬೀಳುತ್ತಿರುತ್ತದೆ. ಆ ನೀರು ಕಲ್ಲಿನ ಪುಡಿಯನ್ನೂ ಕಬ್ಬಿಣದ ಪುಡಿಯನ್ನೂ ಹೊತ್ತುಕೊಂಡು ನೇರವಾಗಿ ಚೈನಿನ ಮೇಲೆ ಇಳಿಯುತ್ತದೆ. ವರ್ಷಗಟ್ಟಲೆ ಇಳಿದಿತ್ತು. ಚೈನು ಕಿರ್ ಎಂದಾಗಲೆಲ್ಲ ಮೇಲೊಂದಿಷ್ಟು ಎಣ್ಣೆ ಸುರಿಯುತ್ತಿದ್ದೆ, ಸದ್ದು ನಿಲ್ಲುತ್ತಿತ್ತು. ಸದ್ದು ನಿಂತರೆ ಸರಿಹೋಯಿತೆಂದೇ ಎಣಿಸಿದ್ದೆ.

ಮೂರು ಕತ್ತರಿಗಳು ಚೆನ್ನಾಗಿ ಬಂದವು. ಉಣ್ಣೆಯ ಕತ್ತರಿಗೆ ಸಾಣೆ ಹಿಡಿಯುವಾಗ ಹೊರಗಿನ ಇಳಿಜಾರನ್ನು ಮಾತ್ರ ಕಲ್ಲಿಗೆ ಕೊಡಬೇಕು. ಒಳಮೈಗೆ ಕಲ್ಲು ತಾಗಿದರೆ ಎರಡು ಅಲಗುಗಳ ನಡುವೆ ಸಂದು ಬಿದ್ದು, ಉಣ್ಣೆ ಕತ್ತರಿಸುವ ಬದಲು ಮಡಚಿಕೊಂಡು ಒಳಗೆ ಹೋಗುತ್ತದೆ. ಹಿಡಿಯಿಂದ ತುದಿಯವರೆಗೆ ಒಂದೇ ಒತ್ತಡದಲ್ಲಿ, ಒಂದೇ ಓಟದಲ್ಲಿ ಎಳೆಯಬೇಕು. ಅದಕ್ಕೆ ಕಲ್ಲು ಸಮನಾಗಿ ತಿರುಗುತ್ತಿರಬೇಕು.

ನಾಲ್ಕನೆಯದು ಕತ್ತರಿಸುವವರಲ್ಲಿ ಹಿರಿಯರದು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಅವರ ಬಲಗೈ ಹೆಬ್ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆ ಬೆರಳಿಗೆ ಹೊಂದುವಂತೆ ಕಮ್ಮಾರನ ಹತ್ತಿರ ಹಿಡಿಯ ಬಳೆಯನ್ನು ಅಗಲ ಮಾಡಿಸಿದ್ದ ಕತ್ತರಿ ಅದು. ಬೇರೆ ಯಾರ ಕತ್ತರಿಯೂ ಅವರಿಗೆ ಆಗುತ್ತಿರಲಿಲ್ಲ.

ಅಲಗು ಅರ್ಧ ದಾಟಿತ್ತು. ಕಾಲ ಕೆಳಗೆ ಟಕ್ ಎಂದು ಚೈನು ಒಂದು ಹಲ್ಲು ಹಾರಿತು. ಪೆಡಲ್ ಖಾಲಿ ಇಳಿದು, ಮರುಕ್ಷಣ ಚಕ್ರ ಜಗ್ಗಿ, ಕಲ್ಲು ತಡವರಿಸಿತು. ಕೈ ಎತ್ತುವಷ್ಟರಲ್ಲಿ ಅಲಗಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗಾಯ ಬಿದ್ದಿತ್ತು.

ಯಜಮಾನರು ಎದ್ದು ಬಂದು ಕತ್ತರಿ ತೆಗೆದುಕೊಂಡು ಬಿಸಿಲಿಗೆ ಹಿಡಿದರು.

"ಏನಾತ್ರಿ?"

"ಉಕ್ಕಿನಾಗೇ ಗಂಟೈತೆ ಯಜಮಾನ್ರೆ. ಅಲ್ಲಿ ಕಲ್ಲು ಎಗರ್ತು," ಎಂದೆ.

ಅದು ಸುಳ್ಳು. ಬಾಯಿಗೆ ತಾನಾಗಿ ಬಂದಿತ್ತು. ಅವರು ನನ್ನ ಮುಖ ನೋಡಲಿಲ್ಲ. ಗಾಯದ ಮೇಲೆ ಉಗುರು ಆಡಿಸಿ, "ಹನ್ನೆರಡು ವರ್ಷದಾಗೆ ಇಲ್ಲದ ಗಂಟು," ಎಂದಷ್ಟೇ ಹೇಳಿ, ಕತ್ತರಿಯನ್ನು ತಮ್ಮ ಚೀಲದ ಮೇಲಿಟ್ಟು, ಕೈಗೆ ಒಗ್ಗದಿದ್ದರೂ ಇನ್ನೊಂದನ್ನು ಎತ್ತಿಕೊಂಡು ಕುರಿಗಳ ಕಡೆ ಹೋದರು.

ನಾನು ಬಗ್ಗಿ ಚೈನು ನೋಡಿದೆ. ಹೊರಗೆ ಎಣ್ಣೆ ಮಿನುಗುತ್ತಿತ್ತು. ಒಂದೆರಡು ಕೊಂಡಿಗಳು ಹಲ್ಲಿನ ಮೇಲಿಂದ ಇಳಿದ ಮೇಲೂ ನೆಟ್ಟಗಾಗದೆ ಮೊಣಕಾಲು ಮಡಚಿದ ಹಾಗೆ ನಿಂತಿದ್ದವು. ಬೆರಳಿನಿಂದ ಒತ್ತಿದರೆ ಒಳಗೆ ಮರಳು ಅರೆದಂತೆ ಸದ್ದು. ಎಣ್ಣೆ ಕಡಿಮೆಯಾಗಿರಬೇಕು ಎಂದುಕೊಂಡೆ. ನನ್ನ ಎಣ್ಣೆ ಡಬ್ಬಿ ಬರಿದಾಗಿತ್ತು. ಒಡತಿಯನ್ನು ಕೇಳಿದಾಗ ಅವರು ಅಡುಗೆಯ ಸಾಮಾನಿನ ಬುಟ್ಟಿಯಿಂದ ಶೇಂಗಾ ಎಣ್ಣೆಯ ಬಾಟಲಿ ತಂದುಕೊಟ್ಟರು.

"ಗಾಣದ ಎಣ್ಣೆ. ಹಾಕ್ಕೊ. ನಮ್ಮ ಮನೇವ್ರೂ ಸೈಕಲ್ಲಿಗೆ ಇದನ್ನೇ ಹಾಕ್ತಿದ್ರು."

ಧಾರಾಳವಾಗಿ ಸುರಿದೆ. ಚೈನು ಕೂಡಲೇ ಮೆತ್ತಗಾಯಿತು. ಐದನೆಯ ಕತ್ತರಿ ತೊಂದರೆಯಿಲ್ಲದೆ ಮುಗಿದಾಗ ನಾನು ಗೆದ್ದೆನೆಂದೇ ಭಾವಿಸಿದೆ. ಆರನೆಯದರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹೊಲದ ಧೂಳು, ಕಲ್ಲಿನ ಪುಡಿ, ಗಾಳಿಯಲ್ಲಿ ತೇಲುತ್ತಿದ್ದ ಉಣ್ಣೆಯ ಎಳೆ, ಎಲ್ಲವೂ ಆ ಎಣ್ಣೆಗೆ ಅಂಟಿಕೊಂಡು, ಫ್ರೀವೀಲಿನ ಹಲ್ಲುಗಳ ಸಂದಿಯಲ್ಲಿ ಕಪ್ಪು ಹಿಟ್ಟಿನಂತೆ ತುಂಬಿಕೊಂಡವು. ಪೆಡಲ್ ಭಾರವಾಯಿತು. ಮತ್ತೆ ಹಾರಿತು. ಈ ಸಲ ನಾನು ಕಾದುಕೊಂಡೇ ಇದ್ದುದರಿಂದ ಕೈ ಬೇಗ ಎತ್ತಿದೆ. ಅಲಗಿಗೆ ಗಾಯವಾಗಲಿಲ್ಲ, ಆದರೆ ಅಂಚು ಅಲೆಯಂತೆ ಏರಿಳಿತವಾಯಿತು. ತಿದ್ದಿದೆ. ಸರಿಯಾಗಿದೆ ಎನಿಸಿತು. ಕತ್ತರಿಸುವವರಲ್ಲಿ ಕಿರಿಯವನಿಗೆ ಕೊಟ್ಟೆ.

ಹತ್ತು ನಿಮಿಷವಾಗಿರಬಹುದು. ಬಲೆಯ ಒಳಗಿಂದ ಒಡತಿಯ ದನಿ ಕೇಳಿತು.

"ಲೇ, ನಿಲ್ಸೋ! ರಕ್ತ ಬರ್ತೈತೆ ನೋಡು!"

ಹೋಗಿ ನೋಡಿದೆ. ಕೆಡವಿದ್ದ ಕುರಿಯ ಪಕ್ಕೆಯ ಮೇಲೆ, ತುಪ್ಪಟ ಬಿಡಿಸಿದ ಜಾಗದಲ್ಲಿ, ಬೆರಳುದ್ದದ ಗೀರು. ಆಳವಿರಲಿಲ್ಲ. ಕತ್ತರಿ ಅಲ್ಲೊಂದು ಕಡೆ ಕತ್ತರಿಸದೆ ಉಣ್ಣೆಯನ್ನು ಜಗ್ಗಿತ್ತು. ಜಗ್ಗಿದಾಗ ಚರ್ಮ ಮೇಲೆದ್ದು ಅಲಗಿನ ಬಾಯಿಗೆ ಸಿಕ್ಕಿತ್ತು. ಒಡತಿ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಾ, "ನೊಣ ಕುಂತ್ರೆ ಹುಳ ಬೀಳ್ತವೆ," ಎಂದು ತಮಗೆ ತಾವೇ ಹೇಳಿಕೊಂಡರು. ಕಿರಿಯನನ್ನು ಬೈಯತೊಡಗಿದರು. ಅವನು ತಲೆ ತಗ್ಗಿಸಿ, "ಕೈ ಜಾರ್ತು ಕಣಕ್ಕ," ಎಂದ.

ಅವನ ಕೈ ಜಾರಿರಲಿಲ್ಲ. ನನಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತೆಂದು ಕಾಣುತ್ತದೆ, ಅವರು ಕಿರಿಯನ ಕತ್ತರಿಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡುತ್ತಿದ್ದರು. ಇನ್ನೆರಡು ಕತ್ತರಿ ಉಳಿದಿದ್ದವು. ನಿಧಾನವಾಗಿ ತುಳಿದರೆ, ಎಚ್ಚರವಾಗಿದ್ದರೆ, ಹೇಗೋ ಮುಗಿಸಿ ಸಂಜೆಯ ಬಸ್ಸಿಗೆ ಹಿರಿಯೂರಿನ ನನ್ನ ಮನೆ ಸೇರಬಹುದಿತ್ತು. ಅಲ್ಲಿ ನಿಂತು ಆ ಲೆಕ್ಕ ಹಾಕಿದ್ದು ನಿಜ. ಆದರೆ ಕತ್ತರಿಗಳು ಹತ್ತು ಹನ್ನೆರಡು ಕುರಿಗೊಮ್ಮೆ ಮತ್ತೆ ನನ್ನ ಹತ್ತಿರವೇ ಬರಬೇಕು. ಒಂದೊಂದು ಸಲವೂ ಒಂದೊಂದು ಕುರಿಯ ಚರ್ಮವನ್ನು ಪಣಕ್ಕಿಡುವ ಹಾಗೆ.

"ಅಕ್ಕ, ಅವನನ್ನ ಬೈಬ್ಯಾಡ್ರಿ," ಎಂದೆ. "ತಪ್ಪು ನನ್ನ ಸೈಕಲ್ಲಿಂದು. ಚೈನು ಕೆಟ್ಟೈತೆ, ಹಲ್ಲು ಹಾರ್ತೈತೆ. ಯಜಮಾನ್ರೆ, ನಿಮ್ಮ ಕತ್ತರಿಯಾಗೆ ಯಾವ ಗಂಟೂ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಕೆಡವಿದ್ದ ಕುರಿ ಕಾಲು ಝಾಡಿಸುತ್ತಿತ್ತು.

"ಈಗೇನ್ ಮಾಡಾಣ?" ಒಡತಿ ಕೇಳಿದರು.

"ಈ ಚೈನಿನ ಮೇಲೆ ಇನ್ನೊಂದು ಕತ್ತರಿ ಹಿಡಿಯಲ್ಲ. ಪೂರ್ತಿ ಬಿಚ್ಚಿ ತೊಳೀಬೇಕು. ನಾಳೆ ಹತ್ತು ಗಂಟೆ ಆಗ್ತೈತೆ."

ಒಡತಿ ಏನೋ ಹೇಳಲು ಬಾಯಿ ತೆರೆದರು. ಕೋಪದ ಮಾತೇ ಇರಬೇಕು. ಅಷ್ಟರಲ್ಲಿ ಯಜಮಾನರು ಅಂಗಿಯ ಜೇಬಿನಿಂದ ಫೋನ್ ತೆಗೆದು, ಮುಂದಿನ ಮಂದೆಯವರಿಗೆ ಅರ್ಧ ದಿನ ತಡವಾಗಿ ಬರುತ್ತೇವೆಂದು ಹೇಳಿದರು. ಆ ಕಡೆಯವರು ಕೂಗಾಡಿದ್ದು ನನಗೂ ಕೇಳಿಸಿತು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಹರಿತ ಇರೋ ನಾಕರಾಗೆ ಸಂಜೆ ಮಟ ಎಳೀತೀವಿ. ಕೆಲಸ ನೋಡ್ಕಳ್ರಿ."

ಮೊದಲು ಚೈನ್ ಲಾಕ್ ಹುಡುಕಬೇಕಿತ್ತು. ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿ ಅದು. ಮೇಲೆ ಅದನ್ನು ಕಚ್ಚಿ ಹಿಡಿಯುವ, ಒಂದು ತುದಿ ತೆರೆದ ಸಣ್ಣ ಪತ್ತಿ ಇರುತ್ತದೆ. ಆ ಪತ್ತಿ ಕಾಣದಷ್ಟು ಮಡ್ಡಿ ಕಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿ ಉಜ್ಜುತ್ತಾ ಬಂದೆ, ಅರ್ಧ ಸುತ್ತು ದಾಟಿದ ಮೇಲೆ ಸಿಕ್ಕಿತು. ಪತ್ತಿ ಎಗರಿದರೆ ಆ ಕೆಂಪು ಮಣ್ಣಿನಲ್ಲಿ ಸಿಗುವಂತಿರಲಿಲ್ಲ. ಟವೆಲ್ ಹಾಸಿ, ಮೇಲೆ ಎಡಗೈ ಬೋಗುಣಿ ಮಾಡಿ, ಸ್ಕ್ರೂ ಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ಪತ್ತಿ ಅಂಗೈಗೆ ಬಿತ್ತು. ಅದನ್ನು ಟವೆಲಿನ ತುದಿಗೆ ಗಂಟು ಹಾಕಿಟ್ಟೆ.

ತೊಳೆಯಲು ಸೀಮೆಎಣ್ಣೆ ಬೇಕು. ರೇಷನ್ನಿನಲ್ಲಿ ಅದು ನಿಂತೇ ಬಹಳ ಕಾಲವಾಗಿದೆ, ಯಾರ ಹತ್ತಿರವೂ ಇರಲಿಲ್ಲ. ಎರಡು ಹೊಲದಾಚೆ ಟ್ರ್ಯಾಕ್ಟರ್ ಉಳುತ್ತಿತ್ತು. ಖಾಲಿ ಬಾಟಲಿಗಳನ್ನು ಹಿಡಿದು ಅಲ್ಲಿಗೆ ನಡೆದೆ. ಡ್ರೈವರ್ ಇಂಜಿನ್ ನಿಲ್ಲಿಸಿ, ವಿಷಯ ಕೇಳಿ ನಕ್ಕ.

"ಸೈಕಲ್ಲಿಗೆ ಡೀಸೆಲ್ಲಾ? ಹಾಕಿದ್ರೆ ಓಡ್ತೈತೇನ್ರಿ?"

ನಗುತ್ತಲೇ ಪೈಪಿನಿಂದ ಒಂದು ಬಾಟಲಿ ತುಂಬ ಡೀಸೆಲ್ ಎಳೆದುಕೊಟ್ಟ. ಜೊತೆಗೆ ಹೊಸ ಇಂಜಿನ್ ಆಯಿಲ್ ಸ್ವಲ್ಪ ಕೇಳಿದೆ. ಸೀಟಿನ ಕೆಳಗಿನ ಕ್ಯಾನಿನಿಂದ ನಾಲ್ಕು ಚಮಚದಷ್ಟನ್ನು ಔಷಧಿಯ ಬಾಟಲಿಗೆ ಹಾಕಿದ.

ತಗಡಿನ ಡಬ್ಬಿಯಲ್ಲಿ ಚೈನನ್ನು ಸುರುಳಿ ಸುತ್ತಿಟ್ಟು, ಮುಳುಗುವಷ್ಟು ಡೀಸೆಲ್ ಹಾಕಿ ಅಲ್ಲಾಡಿಸಿದೆ. ಕೂಡಲೇ ಕಪ್ಪಾಯಿತು. ಬಸಿದೆ. ಡಬ್ಬಿಯ ತಳದಲ್ಲಿ ಮೂಗುದಾರದ ದಪ್ಪಕ್ಕೆ ಮಣ್ಣು ಕೂತಿತ್ತು. ಬೆರಳಿನಿಂದ ಉಜ್ಜಿ ನೋಡಿದೆ. ಮಣ್ಣಲ್ಲ, ನನ್ನದೇ ಕಲ್ಲಿನ ಪುಡಿ. ಕತ್ತರಿ ಅರೆಯುವ ಕಲ್ಲೇ ಇಷ್ಟು ದಿನ ಚೈನನ್ನೂ ಒಳಗಿನಿಂದ ಅರೆಯುತ್ತಿತ್ತು. ನಾನು ಹಾಕಿದ ಒಂದೊಂದು ಸಲದ ಎಣ್ಣೆಯೂ ಆ ಪುಡಿಯನ್ನು ಇನ್ನಷ್ಟು ಒಳಕ್ಕೆ ಇಳಿಸಿತ್ತು. ಎರಡನೆಯ ಸಲ ಡೀಸೆಲ್ ಹಾಕಿ, ಡಬ್ಬಿಗೆ ಮುಚ್ಚಳ ಮುಚ್ಚಿ, ಬೆಳಗಿನವರೆಗೆ ನೆನೆಯಲು ಬಿಟ್ಟೆ. ಹೊತ್ತು ಮುಳುಗುವ ಮೊದಲು ಫ್ರೀವೀಲಿನ ಹಲ್ಲುಗಳ ನಡುವಿನ ಹಿಟ್ಟನ್ನು ಸ್ಕ್ರೂ ಡ್ರೈವರಿನಿಂದ ಕೆರೆದು, ಡೀಸೆಲ್ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಹಿಂಡದೆ ಒರೆಸಿದರೆ ಡೀಸೆಲ್ ಒಳಕ್ಕೆ ಹರಿದು ಬೇರಿಂಗ್ ಗುಂಡುಗಳ ಗ್ರೀಸನ್ನು ತೊಳೆದುಬಿಡುತ್ತದೆ.

ಬೆಳಿಗ್ಗೆ ಎದ್ದಾಗ ಕತ್ತರಿಯವರು ಆಗಲೇ ರೊಟ್ಟಿ ತಿಂದು ಕುಳಿತಿದ್ದರು. ಮಾಡಲು ಕೆಲಸವಿಲ್ಲದೆ ನನ್ನ ಸುತ್ತ ಬಂದು ಕೂತರು. ಅಷ್ಟು ಜನರ ಕಣ್ಣಿನ ಕೆಳಗೆ ಕೆಲಸ ಮಾಡುವುದು ನನಗೆ ಹೊಸದಲ್ಲ. ಆದರೆ ಕಾಯುತ್ತಿರುವವರ ಕಣ್ಣು ಬೇರೆ.

ಮೂರನೆಯ ಸಲದ ಡೀಸೆಲ್ ತಿಳಿ ಚಹಾದ ಬಣ್ಣಕ್ಕೆ ಬಂದಿತು. ಚೈನನ್ನು ಹೊರತೆಗೆದು ಕೊಂಡಿ ಕೊಂಡಿಯನ್ನೂ ಎರಡು ಬೆರಳಲ್ಲಿ ಹಿಡಿದು ಮಡಚಿ ಬಿಡಿಸಿದೆ. ಮೂರು ಕೊಂಡಿ ಬಿಗಿಯಾಗಿದ್ದವು. ಎರಡು ಆಚೀಚೆ ಅಲುಗಾಡಿಸಿದ ಮೇಲೆ ಸಡಿಲಾದವು. ಮೂರನೆಯದು ಜಗ್ಗಲಿಲ್ಲ. ಬ್ರಷ್ ಹಾಕಿ ಬಿಸಿಲಿಗೆ ಹಿಡಿದಾಗ ಹೊರ ತಗಡಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ನಿನ್ನೆ ಇನ್ನೆರಡು ಕತ್ತರಿ ಹಿಡಿದಿದ್ದರೆ ಚೈನು ತುಂಡಾಗುತ್ತಿತ್ತು. ಆಗ ನನ್ನ ಬೆರಳು ಕಲ್ಲಿನ ಮೇಲಿರುತ್ತಿತ್ತೋ ಅಲಗಿನ ಮೇಲಿರುತ್ತಿತ್ತೋ.

ಆ ಕೊಂಡಿಯನ್ನೂ ಅದರ ಜೋಡಿಯನ್ನೂ ತೆಗೆದುಹಾಕಬೇಕಾಯಿತು. ಒಂದು ಚಪ್ಪಟೆ ಕಲ್ಲಿನ ಮೇಲೆ ನಟ್ ಇಟ್ಟು, ಪಿನ್ನು ಅದರ ತೂತಿನ ಮೇಲೆ ಬರುವಂತೆ ಚೈನು ಇರಿಸಿ, ಮೊಂಡು ಮೊಳೆಯನ್ನು ಪಿನ್ನಿನ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಪಿನ್ನು ಪೂರ್ತಿ ಹೊರಬೀಳಬಾರದು, ಕೊನೆಯ ತಗಡಿನಲ್ಲಿ ಸಿಕ್ಕಿಕೊಂಡಿರಬೇಕು. ಬಿದ್ದರೆ ಮತ್ತೆ ಕೂರಿಸುವುದು ಆ ಜಾಗದಲ್ಲಿ ಆಗದ ಮಾತು. ಯಜಮಾನರು ಹೇಳದೆಯೇ ಮುಂದೆ ಬಂದು ಚೈನಿನ ಎರಡು ಬದಿ ಹಿಡಿದುಕೊಂಡರು. ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ಪಿನ್ನು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಕೊಂಡಿಗಳನ್ನು ತೆಗೆದು, ಎರಡು ತುದಿ ಸೇರಿಸಿ, ಪಿನ್ನನ್ನು ಹಿಂದಕ್ಕೆ ಬಡಿದೆ. ಚೈನು ಸವೆದು ಹಿಗ್ಗಿದ್ದರಿಂದ ಒಂದಿಂಚು ಕಳೆದರೂ ಸಾಲುತ್ತಿತ್ತು, ಚಕ್ರವನ್ನು ಕೊಂಚ ಮುಂದಕ್ಕೆ ಸರಿಸಿದರಾಗುತ್ತಿತ್ತು.

ಡೀಸೆಲ್ ಜಿಡ್ಡು ಹೋಗಲು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ತೊಳೆದೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ಬದುವಿನ ಪಕ್ಕದ ಹಾಸುಬಂಡೆಯ ಮೇಲೆ ಉದ್ದಕ್ಕೆ ಹರಡಿದೆ. ಬಂಡೆ ಆಗಲೇ ಬೆಚ್ಚಗಾಗಿತ್ತು. ಕಾಲು ಗಂಟೆಯಲ್ಲಿ ಚೈನು ಹೊಸದರಂತೆ ಬೂದು ಬಣ್ಣಕ್ಕೆ ತಿರುಗಿತು.

"ಒಣಗೈತಲ್ಲ, ಹಾಕ್ರಿ ಇನ್ನ," ಎಂದ ಕಿರಿಯ.

ಚೈನನ್ನು ಎತ್ತಿ ಜೋರಾಗಿ ಒಮ್ಮೆ ಝಾಡಿಸಿದೆ. ಬಂಡೆಯ ಮೇಲೆ ನಾಲ್ಕೈದು ನೀರಿನ ಹನಿ ಬಿದ್ದವು.

"ಒಳಗೆ ಇನ್ನೂ ಐತೆ. ಇದರ ಮೇಲೆ ಎಣ್ಣೆ ಹಾಕಿದ್ರೆ ನೀರು ಒಳಗೇ ಕುಂತ್ಕಂಡು ತುಕ್ಕು ಹಿಡೀತೈತೆ. ಇನ್ನರ್ಧ ಗಂಟೆ."

ಒಡತಿ ಬಲೆಯ ಹತ್ತಿರದಿಂದಲೇ ಹೊತ್ತು ನೋಡಿದರು. ಕುರಿಗಳು ಎದ್ದು ತಿರುಗಾಡತೊಡಗಿದ್ದವು. ಅವುಗಳನ್ನು ಮಣ್ಣಿನಿಂದ ದೂರ, ಶೇಂಗಾ ಬಳ್ಳಿಯ ಸೊಪ್ಪಿನ ಮೇಲೆ ನಿಲ್ಲಿಸಲು ಅವರು ಒಬ್ಬರೇ ಓಡಾಡುತ್ತಿದ್ದರು. ಆ ಅರ್ಧ ಗಂಟೆ ನನಗೆ ಹಿಂದಿನ ದಿನದಷ್ಟೇ ಉದ್ದವಾಗಿತ್ತು.

ಚೈನು ಹಾಕಿ, ಲಾಕ್ ಕೂಡಿಸಿ, ಪತ್ತಿಯ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರುವಂತೆ ಕೂರಿಸಿದೆ. ತಿರುಗಮುರುಗ ಕೂರಿಸಿದರೆ ಯಾವುದಾದರೂ ತಾಗಿ ಕಳಚುತ್ತದೆ. ಚಕ್ರ ಸರಿಸಿ ನಟ್ ಬಿಗಿ ಮಾಡಿ, ಕೆಳಗಿನ ಚೈನನ್ನು ಬೆರಳಲ್ಲಿ ಎತ್ತಿ ನೋಡಿದೆ. ಅರ್ಧ ಇಂಚು ಎದ್ದಿತು. ಸರಿ.

ಆಮೇಲೆ ಎಣ್ಣೆ. ಊದುಬತ್ತಿಯ ಕಡ್ಡಿಯನ್ನು ಇಂಜಿನ್ ಆಯಿಲಿಗೆ ಅದ್ದಿ, ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಾ, ಕೆಳಗಿನ ಚೈನಿನ ಒಳಮಗ್ಗುಲಿಗೆ ಒಂದು ರೋಲರಿಗೆ ಒಂದು ಹನಿ. ಲಾಕಿನಿಂದ ಶುರು, ಲಾಕಿಗೆ ಮುಗಿಯಿತು. ಇಪ್ಪತ್ತು ಸುತ್ತು ತಿರುಗಿಸಿದೆ. ಒಣ ಬಟ್ಟೆಯಲ್ಲಿ ಚೈನು ಹಿಡಿದು, ಬಟ್ಟೆಗೆ ಕಲೆ ಹತ್ತದಂತಾಗುವವರೆಗೆ ಹೊರಗಿನದನ್ನೆಲ್ಲ ಒರೆಸಿದೆ.

"ಅಷ್ಟು ಒದ್ದಾಡಿ ಹಾಕ್ದೋರು ಒರೆಸೇ ಬಿಟ್ರಲ್ಲ!" ಕಿರಿಯ ನಕ್ಕ.

"ಒಳಗೆ ಇಳಿದದ್ದು ಸಾಕಪ್ಪ. ಹೊರಗಿರೋದು ಧೂಳನ್ನ ಕರೀತೈತೆ."

ಗೊಬ್ಬರದ ಚೀಲದ ಒಂದು ತುಂಡನ್ನು ಕಲ್ಲಿಗೂ ಚೈನಿಗೂ ನಡುವೆ ತಂತಿಯಿಂದ ಕಟ್ಟಿದೆ. ನೀರು ಇನ್ನು ಮೇಲೆ ಪಕ್ಕಕ್ಕೆ ಹರಿದು ನೆಲಕ್ಕೆ ಬೀಳಬೇಕು. ಪೆಡಲ್ ತುಳಿದೆ. ಚೈನಿನ ಸದ್ದೇ ಇಲ್ಲ. ಕಲ್ಲು ನೀರಿನ ಹನಿಯನ್ನು ಸಮನಾಗಿ ಹಂಚುತ್ತಾ ತಿರುಗಿತು.

ಮೊದಲು ಯಜಮಾನರ ಕತ್ತರಿ ಕೇಳಿದೆ. ಅವರು ಕೊಡುವ ಮೊದಲು ಒಂದು ಕ್ಷಣ ಹಿಡಿದುಕೊಂಡರು.

"ಗಾಯ ಪೂರ್ತಿ ಹೋಗಬೇಕಂದ್ರೆ ಅಲಗು ಪೂರಾ ಅಷ್ಟು ಸವೆಸಬೇಕು," ಎಂದೆ. "ಕತ್ತರಿಯ ಆಯುಷ್ಯ ಎರಡು ಮೂರು ವರ್ಷ ಕಮ್ಮಿ ಆಗ್ತೈತೆ. ಅರ್ಧ ಉಳಿಸಿ ಅಂಚು ದುಂಡಗೆ ಮಾಡಿದ್ರೆ ಚರ್ಮಕ್ಕೆ ತಾಗಲ್ಲ, ಆದರೆ ಅಲ್ಲಿ ಕತ್ತರ್ಸಲ್ಲ. ನೀವು ಹೇಳ್ದಂಗೆ."

ಅವರು ಯೋಚಿಸಿದರು. "ಪೂರ್ತಿ ತೆಗೀರಿ. ಅಲ್ಲಿ ಕತ್ತರ್ಸಲ್ಲ ಅಂತ ಒಂದೊಂದು ಕುರಿಗೂ ನೆನಪಿಟ್ಕಳೋಕೆ ನನ್ನ ಕೈಲಾಗಲ್ಲ."

ಒಂದೇ ಕಡೆ ಒತ್ತದೆ, ಹಿಡಿಯಿಂದ ತುದಿಗೆ, ತುದಿಯಿಂದ ಎತ್ತಿ ಮತ್ತೆ ಹಿಡಿಯಿಂದ, ನಲವತ್ತು ಸಲವಾದರೂ ಎಳೆದಿರಬೇಕು. ಗಾಯ ಕಿರಿದಾಗಿ, ಗೆರೆಯಾಗಿ, ಇಲ್ಲವಾಯಿತು. ಒಂದು ಸಲವೂ ಚೈನು ಹಾರಲಿಲ್ಲ. ಯಜಮಾನರು ಒಂದಿಷ್ಟು ತುಪ್ಪಟ ತಂದು ಕತ್ತರಿಸಿ ನೋಡಿದರು. ತುದಿಯವರೆಗೆ ಒಂದೇ ಸದ್ದಿನಲ್ಲಿ ಕತ್ತರಿಸಿತು. ಅವರು ನೇರವಾಗಿ ಬಲೆಯೊಳಗೆ ಹೋಗಿ ಒಂದು ದೊಡ್ಡ ಟಗರನ್ನು ಕೆಡವಿಕೊಂಡರು.

ಆ ದಿನ ನಾನು ಎಂಟು ಕತ್ತರಿಗಳನ್ನೂ ಎರಡೆರಡು ಸಲ ಹಿಡಿದೆ. ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೊನೆಯ ಕುರಿ ಬೋಳು ಮೈಯಲ್ಲಿ ಎಗರಿ ಬಲೆಯಾಚೆ ಓಡಿತು. ಇನ್ನೊಂದು ಕುರಿಗೂ ಗಾಯವಾಗಿರಲಿಲ್ಲ. ಒಂದು ಮೂಲೆಯ ಕೆಲವು ಕುರಿಗಳ ಹೊಟ್ಟೆಯ ಉಣ್ಣೆಗೆ ಮಣ್ಣು ಹತ್ತಿತ್ತು, ಅಷ್ಟನ್ನು ಬೇರೆ ಕಟ್ಟಿಟ್ಟರು. ಒಡತಿ ಅದನ್ನು ನನಗೆ ತೋರಿಸಿದರು. "ನಿನ್ನ ಚೈನಿನ ಪಾಲು," ಎಂದರು, ನಗದೆ. ಆಮೇಲೆ ಮುದ್ದೆ ಬಡಿಸುವಾಗ ಎರಡನೆಯದನ್ನು ಕೇಳದೆಯೇ ಹಾಕಿದರು.

ಕತ್ತರಿಯವರಲ್ಲಿ ಮೂವರು ಬೈಕಿನಲ್ಲಿ ಮುಂದಿನ ಮಂದೆಗೆ ಹೊರಟರು. ಯಜಮಾನರು ಉಳಿದುಕೊಂಡರು. ಜಾಲಿಮರಕ್ಕೆ ಒರಗಿಸಿದ್ದ ತಮ್ಮ ಹಳೆಯ ಸೈಕಲ್ಲನ್ನು ನನ್ನ ಹತ್ತಿರ ತಳ್ಳಿಕೊಂಡು ಬಂದರು. ಅದರ ಚೈನಿನ ಮೇಲೂ ನನ್ನದರ ಹಾಗೆಯೇ ಎಣ್ಣೆ ಮಡ್ಡಿಯಾಗಿ ಮಿನುಗುತ್ತಿತ್ತು.

"ಡೀಸೆಲ್ ಉಳಿದೈತೇನ್ರಿ?"

"ಐತೆ. ಕುಂತ್ಕಳ್ರಿ, ಮಾಡಿಕೊಡ್ತೀನಿ."

"ಬ್ಯಾಡ. ನೀವು ಕುಂತ್ಕಳ್ರಿ. ನಾನ್ ಮಾಡ್ತೀನಿ, ತಪ್ಪಿದ್ರೆ ಹೇಳ್ರಿ."

ಬ್ರಷ್ಷು, ಡಬ್ಬಿ, ಸ್ಕ್ರೂ ಡ್ರೈವರ್ ಅವರ ಮುಂದಿಟ್ಟೆ. ಟವೆಲ್ ಹಾಸಿಕೊಂಡು, ಸೊಟ್ಟ ಹೆಬ್ಬೆರಳನ್ನು ಒಂದು ಬದಿಗೆ ಇಟ್ಟು, ಪತ್ತಿಯನ್ನು ಮೊದಲ ಒತ್ತಿಗೇ ಬಿಡಿಸಿದರು. ಮೂರು ಸಲ ತೊಳೆದರು. ಬಂಡೆಯ ಮೇಲೆ ಒಣಹಾಕಿದರು, ಝಾಡಿಸಿ ನೋಡಿದರು, ಮತ್ತೆ ಒಣಹಾಕಿದರು. ತಪ್ಪು ಹೇಳುವ ಸಂದರ್ಭ ಬರಲೇ ಇಲ್ಲ. ಕಡ್ಡಿಯಿಂದ ಹನಿ ಇಡುತ್ತಾ ಮೆಲ್ಲಗೆ ಎಣಿಸುತ್ತಿದ್ದವರು ಎಲ್ಲೋ ಮಧ್ಯದಲ್ಲಿ ನಿಲ್ಲಿಸಿ ತಲೆಯೆತ್ತಿದರು.

"ಎಣಿಕೆ ತಪ್ತು."

"ಮೊದಲಿಂದ ಬರ್ರಿ ಯಜಮಾನ್ರೆ. ಹೆಚ್ಚಾದ್ರೆ ಒರೆಸಿದ್ರಾತು."

ಅವರು ಪೆಡಲನ್ನು ಹಿಂದಕ್ಕೆ ತಿರುಗಿಸಿ ಲಾಕ್ ಹುಡುಕಿ, ಒಂದು ಎಂದರು.